ಅಡಿಗೆಮನೆ ಕಾಡತೂಸು ಕಾರ್ಖಾನೆ ಆಗದಿರಲಿ

ಮಳೆಯ ಬಿರುಸು ಇಳಿದು ಕೈಲ್ ಪೊಳ್ದ್ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ಒರೆಸಿ, ಎಣ್ಣೆ ಹಚ್ಚಿ, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ. ಒಂದೊಂದು ಗುಂಡಿಗೂ ದುಡ್ಡು ತೆರಬೇಕು. ಹಾರಿಸಿ ಬಿದ್ದ ಖಾಲಿ ಕಾಡತೂಸನ್ನು ಕಂಡಾಗ "ಇದನ್ನೇ ಮತ್ತೆ ತುಂಬಿಸಿದರೆ ಏನಾಗ್ತದೆ?" ಎಂಬ ಯೋಚನೆ ಬರುವುದು ಸಹಜವೇ. ಹಾಲಿನ ಪ್ಯಾಕೆಟ್ಟನ್ನೂ ತೊಳೆದು ಒಣಗಿಸಿ ತೂಕಕ್ಕೆ ಹಾಕುವ ಊರಿದು. ಹಿತ್ತಾಳೆಯನ್ನು ಬಿಸಾಡಲು ಯಾರಿಗೆ ಮನಸ್ಸು ಬರುತ್ತದೆ?

ಈ ಯೋಚನೆಗೆ ಈಗ ಮೊಬೈಲು ಬೇರೆ ತುಪ್ಪ ಸುರಿಯುತ್ತಿದೆ. ಅಮೆರಿಕದಲ್ಲಿ ಹಾರಿಸಿದ ಕಾಡತೂಸನ್ನು ಮನೆಯಲ್ಲೇ ಮತ್ತೆ ತುಂಬಿಸುವುದು ಬಹಳ ಹಳೆಯ ಹವ್ಯಾಸ. ಸ್ವಂತ ಬಳಕೆಗೆ ಮಾಡಿಕೊಳ್ಳುವವರನ್ನು ಅಲ್ಲಿನ ಕೇಂದ್ರ ಸರಕಾರ ಲೈಸೆನ್ಸ್ ಕೇಳುವುದಿಲ್ಲ. ಹಿತ್ತಾಳೆಯ ಖಾಲಿ ಕೊಳವೆಯನ್ನು ಗ್ಯಾಸ್ ಟಾರ್ಚಿನ ಉರಿಗೆ ಹಿಡಿದು ಕತ್ತಿನ ಭಾಗವನ್ನು ಮೆದು ಮಾಡಿಕೊಳ್ಳುವ ವಿಡಿಯೋಗಳಿಗೆ ಲೆಕ್ಕವಿಲ್ಲ. ನೋಡುವುದಕ್ಕೆ ದೋಸೆ ಹುಯ್ದಷ್ಟೇ ಸುಲಭ. ಆದರೆ ಅಲ್ಲಿನ ಹವ್ಯಾಸ ಇಲ್ಲಿನ ಕೋವಿಗೂ ಹೊಂದುವುದಿಲ್ಲ, ಇಲ್ಲಿನ ಕಾನೂನಿಗೂ ಹೊಂದುವುದಿಲ್ಲ.

ಅಸಲಿಗೆ ಹಿತ್ತಾಳೆಯನ್ನು ಕಾಯಿಸುವುದು ಯಾಕೆ? ಪಾತ್ರೆ ಬಡಿಯುವ ಕಂಚುಗಾರನನ್ನು ಕೇಳಿದರೆ ಒಂದೇ ಮಾತಿನಲ್ಲಿ ಹೇಳುತ್ತಾನೆ. ಹಿತ್ತಾಳೆ ಬಡಿದಷ್ಟೂ ಬಿರುಸಾಗುತ್ತದೆ. ಕಾಯಿಸದೆ ಬಡಿಯುತ್ತಾ ಹೋದರೆ ಸೀಳುತ್ತದೆ. ಅದಕ್ಕೇ ನಡುನಡುವೆ ಬೆಂಕಿಗೆ ಕೊಟ್ಟು ಮೆದು ಮಾಡಿಕೊಳ್ಳುತ್ತಾನೆ. ಕಾಡತೂಸಿನ ಹಿತ್ತಾಳೆಯದ್ದೂ ಇದೇ ಗುಣ. ಅದರಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಗುಂಡು ಹಾರಿದಾಗ ಕೊಳವೆ ಉಬ್ಬಿ ಕುಗ್ಗುತ್ತದೆ. ಮತ್ತೆ ತುಂಬಿಸುವಾಗ ಅದನ್ನು ಅಚ್ಚಿಗೆ ಒತ್ತುತ್ತಾರೆ. ನಾಲ್ಕಾರು ಸಲ ಹೀಗಾದರೆ ಕತ್ತು ಬಿರುಸಾಗಿ ಬಿರುಕು ಬಿಡುತ್ತದೆ. ಅದನ್ನು ತಪ್ಪಿಸಲು ಕತ್ತಿಗೆ ಮಾತ್ರ ಕೆಲವೇ ಸೆಕೆಂಡು ಶಾಖ ಕೊಡುತ್ತಾರೆ.

ಇಲ್ಲಿ "ಕತ್ತಿಗೆ ಮಾತ್ರ" ಎಂಬುದೇ ಮುಖ್ಯ. ಕೊಳವೆಯ ಬುಡ ಗಟ್ಟಿಯಾಗಿಯೇ ಉಳಿಯಬೇಕು. ಸಿಡಿಮದ್ದಿನ ಒತ್ತಡ ಹಿಂದಕ್ಕೆ ನುಗ್ಗದಂತೆ ತಡೆದು ನಿಲ್ಲುವುದು ಆ ಬುಡ. ಬಸ್ಸಿನ ಟಯರಿನಲ್ಲಿ ಗಾಳಿಯ ಒತ್ತಡ ಚದರ ಇಂಚಿಗೆ ನೂರು, ನೂರಿಪ್ಪತ್ತು ಪೌಂಡ್. ಆ ಟಯರು ಸಿಡಿದರೇ ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ಬೆಚ್ಚಿಬೀಳುತ್ತದೆ. .30-06 ರೈಫಲಿನ ಕಾಡತೂಸಿನೊಳಗೆ ಈ ಒತ್ತಡ 60,000 ಪೌಂಡಿನವರೆಗೂ ಏರುತ್ತದೆ. ಬುಡ ಮೆದುವಾಗಿದ್ದರೆ ಉರಿಗಾಳಿ, ಲೋಹದ ಚೂರು ಹಾರುವುದು ಗುರಿಯ ಕಡೆಗಲ್ಲ, ಕೋವಿ ಹಿಡಿದವನ ಕೆನ್ನೆ ಕಣ್ಣಿನ ಕಡೆಗೆ.

ಒಮ್ಮೆ ಮೆದುವಾದ ಬುಡವನ್ನು ಮತ್ತೆ ಬಿರುಸು ಮಾಡಲು ಮನೆಯಲ್ಲಿ ಯಾವ ಉಪಾಯವೂ ಇಲ್ಲ. ಕುಲುಮೆಯಲ್ಲಿ ಕತ್ತಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ, ಅದು ಉಕ್ಕಿನ ಗುಣ. ಹಿತ್ತಾಳೆ ಹಾಗಲ್ಲ. ನೀರಿಗೆ ಅದ್ದಿದರೂ ಮೆದು, ಹಾಗೇ ಆರಿಸಿದರೂ ಮೆದು. ಕಣ್ಣಳತೆಯೂ ನಂಬುವಂಥದ್ದಲ್ಲ. ಹಿತ್ತಾಳೆ ಕೆಂಪಗೆ ಹೊಳೆಯುವ ಹೊತ್ತಿಗೆ ಶಾಖ 500 ಡಿಗ್ರಿಯ ಆಸುಪಾಸಿಗೆ ಬಂದು ಹದ ಮೀರಿರುತ್ತದೆ. ಹೊರಗಿಂದ ನೋಡಿದರೆ ಒಳ್ಳೆ ಕೊಳವೆ, ಕೆಟ್ಟ ಕೊಳವೆ ಎರಡೂ ಒಂದೇ ತರ ಕಾಣುತ್ತವೆ.

ಇನ್ನೊಂದು ವಿಷಯವನ್ನು ವಿಡಿಯೋ ನೋಡುವವರು ಮರೆಯುತ್ತಾರೆ. ಇದೆಲ್ಲ ರೈಫಲಿನ, ಕತ್ತು ಸಣ್ಣಗಿರುವ ಪೂರಾ ಹಿತ್ತಾಳೆ ಕೊಳವೆಯ ಕಥೆ. 12 ಬೋರ್ ಕೋವಿಯ ಕಾಡತೂಸು ಬೇರೆ ಜಾತಿ. ಪೂರ್ತಿ ಹಿತ್ತಾಳೆಯ 12 ಬೋರ್ ಕೊಳವೆಗಳು ಒಂದು ಕಾಲದಲ್ಲಿ ಇದ್ದವು. ಈಗ ಅಂಗಡಿಯಲ್ಲಿ ಸಿಗುವ ಕಾಡತೂಸಿನ ಮೈ ಪ್ಲಾಸ್ಟಿಕ್ಕಿನದು ಅಥವಾ ಕಾಗದದ್ದು. ಬುಡಕ್ಕೆ ಮಾತ್ರ ಲೋಹದ ಟೋಪಿ. ಅದಕ್ಕೆ ಉರಿ ಹಿಡಿದರೆ ಪ್ಲಾಸ್ಟಿಕ್ ಕರಗುತ್ತದೆ, ಮೆದುವಾಗಬಾರದ ಬುಡವೇ ಮೆದುವಾಗುತ್ತದೆ. ಲಾಭ ಸೊನ್ನೆ, ಅಪಾಯ ಹತ್ತುಪಟ್ಟು. ಅಗ್ಗದ ಆಸೆಗೆ ಮುಗ್ಗರಿಸುವುದು ಎಂದರೆ ಇದೇ.

ಹಿತ್ತಾಳೆ ಎಷ್ಟು ಸೂಕ್ಷ್ಮ ಎಂಬುದಕ್ಕೆ ಈ ದೇಶದ ಮಳೆಗಾಲವೇ ಒಂದು ಪಾಠ ಕಲಿಸಿದೆ. ಬ್ರಿಟಿಷರ ಸೈನ್ಯ ಭಾರತದಲ್ಲಿ ಮಳೆ ಹಿಡಿದಾಗ ಕಾಡತೂಸುಗಳನ್ನು ಕುದುರೆ ಲಾಯಗಳಲ್ಲಿ ಇಟ್ಟಿತ್ತು. ಮಳೆ ಮುಗಿದು ತೆಗೆದು ನೋಡಿದರೆ ಒಂದು ಗುಂಡೂ ಹಾರಿಸದೆ ಕೊಳವೆಗಳು ತಾವಾಗಿಯೇ ಸೀಳಿದ್ದವು! ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು 1921ರಲ್ಲಿ ಇದರ ಗುಟ್ಟು ಬಿಡಿಸಿ ಹೇಳಿದರು. ಕುದುರೆ ಗಂಜಲದಿಂದ ಏಳುವ ಅಮೋನಿಯ, ಜೊತೆಗೆ ತೇವ, ಕೊಳವೆ ತಯಾರಿಸುವಾಗ ಹಿತ್ತಾಳೆಯೊಳಗೆ ಉಳಿದುಹೋದ ಬಿಗಿತ ಇವು ಮೂರೂ ಸೇರಿ ಲೋಹವನ್ನು ಬಿರಿಯಿಸಿದ್ದವು. ಹದವಾದ ಶಾಖ ಕೊಟ್ಟು ಆ ಬಿಗಿತವನ್ನು ಇಳಿಸುವುದೇ ಅದಕ್ಕೆ ಪರಿಹಾರ ಎಂದಾಯಿತು. ಶಾಖ ಅಳೆಯುವ ಸಾಧನ, ಪರೀಕ್ಷೆ ಮಾಡುವ ಜನ ಇರುವ ಕಾರ್ಖಾನೆಯ ಕೆಲಸ ಅದು. ಗ್ಯಾಸ್ ಒಲೆಯ ಮುಂದೆ ಇಕ್ಕಳ ಹಿಡಿದು ನಿಂತವನ ಕೆಲಸವಲ್ಲ.

ಮನೆಯವರು ಮಾಡಬೇಕಾದದ್ದು ಬೇರೆ ಇದೆ. ಕೊಡಗಿನ ಮಳೆಗೆ ಗೋಡೆಯೇ ಬೆವರುತ್ತದೆ. ದನದ ಕೊಟ್ಟಿಗೆ, ಕೋಳಿಗೊಬ್ಬರ, ಯೂರಿಯಾ ಮೂಟೆ ಇರುವ ಕಡೆ ಕಾಡತೂಸು ಇಡಲೇಬಾರದು. ಅಲ್ಲೂ ಅದೇ ಅಮೋನಿಯ. ಒಣಗಿದ, ಬೀಗ ಹಾಕಿದ ಜಾಗ ಬೇಕು. ಹಸಿರು ಹಿಡಿದ, ಬಿರುಕು ಬಿಟ್ಟ ಕಾಡತೂಸನ್ನು "ಒಂದು ನೋಡುವಾ" ಎಂದು ಕೋವಿಗೆ ಹಾಕುವುದು ಬೇಡ. ಹಾರಿಸದ ಕಾಡತೂಸನ್ನಂತೂ ಬೆಂಕಿಯ ಹತ್ತಿರ ತರುವುದೇ ಬೇಡ. ಗುಜರಿ ಅಂಗಡಿಯವರೂ ಒಂದು ಮಾತು ನೆನಪಿಡಬೇಕು. ಹಿತ್ತಾಳೆ ಎಂದು ತೂಗಿ ತೆಗೆದುಕೊಂಡ ಚೀಲದಲ್ಲಿ ಒಂದೇ ಒಂದು ಜೀವಂತ ಗುಂಡಿದ್ದರೂ ಅದು ಕರಗಿಸುವವನ ಮೂಸೆಯಲ್ಲಿ ಸಿಡಿಯುತ್ತದೆ. ಸಂಶಯ ಬಂದ ಸರಕನ್ನು ವಾಪಸ್ ಮಾಡಿದರೆ ಯಾವ ನಷ್ಟವೂ ಇಲ್ಲ.

ಇನ್ನು ಕಾನೂನು. "ನಮಗೆ ಲೈಸೆನ್ಸೇ ಬೇಡ, ವಿನಾಯಿತಿ ಉಂಟು" ಎನ್ನುವವರು ಆ ವಿನಾಯಿತಿ ಯಾವುದಕ್ಕೆ ಎಂದು ಸರಿಯಾಗಿ ತಿಳಿದುಕೊಳ್ಳಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸಿಕ್ಕಿರುವುದು ಕೋವಿ ಇಟ್ಟುಕೊಳ್ಳುವ, ಒಯ್ಯುವ ವಿನಾಯಿತಿ. ಮದ್ದುಗುಂಡು ತಯಾರಿಸುವ ವಿನಾಯಿತಿ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಕಲಮಿನಂತೆ ಮದ್ದುಗುಂಡು ತಯಾರಿಕೆಗೆ ಲೈಸೆನ್ಸ್ ಬೇಕೇ ಬೇಕು. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ನಾಲ್ಕು ಕಾಸು ಉಳಿಸಲು ಹೋಗಿ ಕೋರ್ಟು ಕಚೇರಿ ಅಲೆಯುವುದು ಯಾವ ಜಾಣತನ?

ಒಬ್ಬನ ತಪ್ಪು ಒಬ್ಬನಿಗೇ ಮುಗಿಯುವುದಿಲ್ಲ ಎಂಬುದು ಇನ್ನೂ ದೊಡ್ಡ ವಿಚಾರ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರಕಾರ 2019ರ ಅಕ್ಟೋಬರಿನಲ್ಲಿ ಮುಂದುವರಿಸಿದ್ದು ಶಾಶ್ವತವಾಗಿ ಅಲ್ಲ, 2029ರವರೆಗೆ. ಅದನ್ನು ಪ್ರಶ್ನಿಸಿ ಅರ್ಜಿ ಹೋಗಿತ್ತು. 2021ರಲ್ಲಿ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಅವಧಿ ಮುಗಿದಾಗ ಮತ್ತೆ ಕೇಳಬೇಕು. ಆ ಹೊತ್ತಿಗೆ ಯಾವುದೋ ಮನೆಯ ಹಿತ್ತಿಲಲ್ಲಿ ಕಾಡತೂಸು ಸಿಡಿದು ಒಬ್ಬನ ಕೈ ಹೋಯಿತು ಎಂಬ ಸುದ್ದಿ ದಿಲ್ಲಿ ಮುಟ್ಟಿದರೆ, ವಿರೋಧಿಸುವವರ ಕೈಗೆ ಕೋಲು ಕೊಟ್ಟಂತೆ ಆಗುವುದಿಲ್ಲವೇ?

ಜನರಿಗೆ ಬುದ್ಧಿ ಹೇಳಿದರಷ್ಟೇ ಸಾಲದು. ಜಿಲ್ಲಾಡಳಿತ, ಪೊಲೀಸ್ ಇಲಾಖೆಯ ಪಾಲೂ ಇದೆ. ಕೈಲ್ ಪೊಳ್ದಿಗೆ ಮುಂಚೆಯೇ ಯಾವುದು ಸರಿ, ಯಾವುದು ಅಪರಾಧ ಎಂದು ತಿಳಿಗನ್ನಡದಲ್ಲಿ ಬರೆದು ನಾಡಕಚೇರಿ, ಪಂಚಾಯಿತಿ, ಬಸ್ ಸ್ಟ್ಯಾಂಡುಗಳಲ್ಲಿ ಅಂಟಿಸಲಿ. ಹಾಳಾದ ಕಾಡತೂಸುಗಳನ್ನು ತಂದೊಪ್ಪಿಸಲು ಪ್ರತಿ ಠಾಣೆಯಲ್ಲೂ ಒಂದು ದಿನ ಗೊತ್ತುಮಾಡಲಿ. ತಂದವರನ್ನು ಕಳ್ಳರಂತೆ ನಿಲ್ಲಿಸಿ ನೂರೆಂಟು ಪ್ರಶ್ನೆ ಕೇಳಿದರೆ ಯಾರು ಬರುತ್ತಾರೆ? ರಸೀದಿ ಕೊಟ್ಟು ಮರ್ಯಾದೆಯಿಂದ ಕಳಿಸಲಿ.

ಅಜ್ಜ ಮುತ್ತಜ್ಜನಿಂದ ಬಂದ ಕೋವಿ ಪೂಜೆಗೆ, ಪಂದ್ಯಕ್ಕೆ ಉಳಿಯಬೇಕಾದರೆ ಅಂಗಡಿಯ ಹೊಸ ಕಾಡತೂಸಿಗೆ ತೆರುವ ದುಡ್ಡು ದಂಡವಲ್ಲ. ಅನಾಹುತ ಆದ ಮೇಲೆ ಸಭೆ ಕರೆಯುವ ಬದಲು ಹಬ್ಬಕ್ಕೆ ಮುಂಚೆಯೇ ಸಂಬಂಧಪಟ್ಟವರು ಎಚ್ಚರಗೊಳ್ಳುವರೇ?