ದೊಡ್ಡವ್ವನ ಕಣ್ಣು ಮತ್ತು ಬೀದರಿನ ಬ್ಲಡ್ ಬ್ಯಾಂಕು

ಮೊನ್ನೆ ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಊರು ಅಂದ್ರೆ ಬೀದರ್ ಹತ್ತಿರದ ಕಮಠಾಣ. ಬೆಂಗಳೂರಿನಿಂದ ರಾತ್ರಿಯೆಲ್ಲಾ ಪ್ರಯಾಣ ಮಾಡಿ ಮನೆ ಮುಟ್ಟಿ, ತಣ್ಣೀರು ಕುಡಿಯೋಣ ಅಂತ ಫ್ರಿಜ್ ತೆಗೆದರೆ ಫ್ರೀಜರಿನಲ್ಲಿ ಒಂದು ಸ್ಟೀಲ್ ಡಬ್ಬಿ. ಮೇಲೆ ಚೀಟಿ ಅಂಟಿಸಿ "ಮುಟ್ಟಬ್ಯಾಡ್ರಿ" ಅಂತ ಬರೆದಿತ್ತು. ಒಳಗೆ ಬೆಳಕು ಬೀಳದಂತೆ ಸುತ್ತಿಟ್ಟ ಪುಟ್ಟ ಪುಟ್ಟ ಶೀಶಿಗಳು. ನಮ್ಮ ದೊಡ್ಡವ್ವನ ಕಣ್ಣಿನ ಔಷಧ. ಮಾಡಿದ್ದು ಅವಳದೇ ರಕ್ತದಿಂದ!

ದೊಡ್ಡವ್ವ ರೊಟ್ಟಿ ಬಡಿಯುತ್ತಾ ಕೇಳಿದಳು: "ನಂದೇ ರಕ್ತ ತಗೊಂಡು ನನಗೇ ಕೊಡ್ತಾರ ನೋಡಪಾ. ಅದಕ್ಕ ಹೈದ್ರಾಬಾದ್ ತನಕ ಯಾಕ ಹೋಗ್ಬೇಕು? ಬೀದರ್‌ದಾಗ ರಕ್ತ ತಗಿಯೋರು ಇಲ್ಲೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಮೇಲೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಅದಕ್ಕೇ ಈ ಬರಹ.

ದೊಡ್ಡವ್ವನಿಗೆ ಇರುವುದು ಶೋಗ್ರೆನ್ಸ್ ಅನ್ನೋ ಕಾಯಿಲೆ. ದೇಹದ ರಕ್ಷಣಾ ಪಡೆಯೇ ಕಣ್ಣೀರಿನ ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ದಾಳಿ ಮಾಡುತ್ತದೆ. ಬಾಯಿ ಒಣಗಿ, ನೀರಿಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯೋದಿಲ್ಲ. ಕಣ್ಣಲ್ಲಿ ಮರಳು ಹಾಕಿದ ಹಾಗೆ ಉರಿ. ನಾಲ್ಕು ವರ್ಷ "ಧೂಳು, ವಯಸ್ಸು" ಅನ್ನುತ್ತಾ ಅಂಗಡಿ ಡ್ರಾಪ್ಸ್ ಹಾಕಿದ್ದಾಯಿತು. ಅಷ್ಟರಲ್ಲಿ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ, ಅಲ್ಲಲ್ಲಿ ಸವೆದು ಗಾಯವಾಗಿತ್ತು.

ಅಂಗಡಿಯ ಕೃತಕ ಕಣ್ಣೀರು ಕಣ್ಣನ್ನು ಒದ್ದೆ ಮಾಡುತ್ತದೆ, ಅಷ್ಟೇ. ನಿಜವಾದ ಕಣ್ಣೀರಿನಲ್ಲಿ ಗಾಯ ಮಾಯಿಸುವ ಪ್ರೋಟೀನುಗಳಿವೆ, ವಿಟಮಿನ್ ಎ ಇದೆ. ಇವೇ ಅಂಶಗಳು ರಕ್ತದ ಸೀರಮ್‌ನಲ್ಲೂ ಇವೆ. ಸೀರಮ್ ಅಂದರೆ ಮೊಸರು ಒಡೆದಾಗ ಮೇಲೆ ತಿಳಿನೀರು ನಿಲ್ಲುತ್ತದಲ್ಲ, ಹಾಗೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ಹಳದಿ ನೀರು. 1984ರಲ್ಲೇ ಅಮೆರಿಕದ ಫಾಕ್ಸ್ ಮತ್ತು ಜೊತೆಗಾರರು ಶೋಗ್ರೆನ್ಸ್ ರೋಗಿಗಳಿಗೆ ಇದನ್ನು ಹಾಕಿ ನೋಡಿದ್ದರು. 1999ರಲ್ಲಿ ಜಪಾನಿನ ತ್ಸುಬೋಟಾ ತಂಡ ಇನ್ನಷ್ಟು ಕೆಲಸ ಮಾಡಿತು. ಹೊಸ ಮ್ಯಾಜಿಕ್ ಏನಲ್ಲ!

ಮಾಡುವ ವಿಧಾನ ಓದಿದಾಗ ನನಗೇ ಆಶ್ಚರ್ಯ. ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ ಇಲ್ಲದ ಟ್ಯೂಬಿಗೆ ರಕ್ತ ತೆಗೆಯಬೇಕು. ಸುಮಾರು ಎರಡು ಗಂಟೆ ಬಿಡಬೇಕು. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಬೇಕು. ಸಾಮಾನ್ಯವಾಗಿ ಒಂದು ಪಾಲು ಸೀರಮ್‌ಗೆ ನಾಲ್ಕು ಪಾಲು ಸಲೈನ್ ಬೆರೆಸಿ, ಶುದ್ಧ ವಾತಾವರಣದಲ್ಲಿ ಶೀಶಿಗೆ ತುಂಬಿ, ಮೈನಸ್ 20 ಡಿಗ್ರಿಯಲ್ಲಿ ಇಡಬೇಕು. 20 ಮಿಲಿ ಸೀರಮ್ ಸಿಕ್ಕರೆ 100 ಮಿಲಿ ಡ್ರಾಪ್ಸ್. 3 ಮಿಲಿಯ ಶೀಶಿಯಾದರೆ ಮೂವತ್ತಕ್ಕೂ ಮೇಲೆ! (ಲೆಕ್ಕ ಹಾಕೋದು ಇಂಜಿನಿಯರುಗಳ ಚಟ, ಕ್ಷಮಿಸಿ :) )

ಈಗ ಹೇಳಿ, ಇದರಲ್ಲಿ ರಕ್ತನಿಧಿಗೆ ಹೊಸದು ಯಾವುದು? ರಕ್ತ ತೆಗೆಯುವವರು, ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ, ಸೆಂಟ್ರಿಫ್ಯೂಜ್, ಫ್ರೀಜರ್... ರಕ್ತದ ಘಟಕಗಳನ್ನು ಬೇರ್ಪಡಿಸುವ ಯಾವ ರಕ್ತನಿಧಿಯಲ್ಲೂ ಇವೆಲ್ಲ ಇದ್ದೇ ಇರುತ್ತವೆ. ಹೊಸದಾಗಿ ಬೇಕಾದದ್ದು ಶುದ್ಧವಾಗಿ ಶೀಶಿ ತುಂಬುವ ವ್ಯವಸ್ಥೆ, ಸ್ವಲ್ಪ ತರಬೇತಿ, ಒಂದು ರಿಜಿಸ್ಟರ್. ಇಂಗ್ಲೆಂಡಿನಲ್ಲಿ ಸರ್ಕಾರಿ ರಕ್ತ ಸೇವೆಯೇ ಈ ಡ್ರಾಪ್ಸ್ ತಯಾರಿಸಿ ಕೊಡುತ್ತದೆ. ಸ್ವಂತ ರಕ್ತ ಕೊಡಲಾಗದ ರೋಗಿಗೆ ದಾನಿಗಳ ಸೀರಮ್‌ನಿಂದ ಮಾಡುತ್ತಾರೆ. ಅಷ್ಟೇ ಏಕೆ, ಕುದುರೆ, ನಾಯಿಗಳ ಕಾರ್ನಿಯಾ ಹುಣ್ಣಿಗೆ ಸೀರಮ್ ಹಾಕುವುದು ಪಶುವೈದ್ಯರಿಗೂ ಗೊತ್ತಿರುವ ವಿದ್ಯೆ. ಬೀದರಿನ ನಂದಿನಗರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವನ್ನೇ ಇಟ್ಟುಕೊಂಡವರು ನಾವು!

ಎಲ್ಲಾ ಒಣಗಣ್ಣಿಗೂ ಇದನ್ನೇ ಹಾಕಿ ಅಂತ ನಾನು ಹೇಳುತ್ತಿಲ್ಲ. ದಿನವಿಡೀ ಸ್ಕ್ರೀನ್ ನೋಡಿ ಕಣ್ಣು ಮಿಟುಕಿಸುವುದನ್ನೇ ಮರೆಯುವ ನನ್ನಂಥವರಿಗೆ ಇದು ಬೇಕಿಲ್ಲ. 2017ರ ಕಾಕ್ರೇನ್ ಪರಿಶೀಲನೆಗೆ ಸಿಕ್ಕಿದ್ದು ಐದೇ ಪ್ರಯೋಗ, ಒಟ್ಟು 92 ಜನ. ಮೊದಲ ಎರಡು ವಾರ ಕೃತಕ ಕಣ್ಣೀರಿಗಿಂತ ಸ್ವಲ್ಪ ಹೆಚ್ಚು ಆರಾಮ ಸಿಗಬಹುದು, ಅದರಾಚೆಗೆ ಗಟ್ಟಿ ಪುರಾವೆ ಇಲ್ಲ ಅಂದಿತು. ಇನ್ನೊಂದು ಮಾತು, ಇದರಲ್ಲಿ ಕೆಡದಂತೆ ಇಡುವ ರಾಸಾಯನಿಕ ಇರೋದಿಲ್ಲ. ಗಲ್ಲಿಯ ಲ್ಯಾಬಿನಲ್ಲಿ ಮಾಡಿಸಿಕೊಂಡರೆ ಕಣ್ಣಿಗೆ ಸೋಂಕು ತಗುಲಿ ಇದ್ದ ದೃಷ್ಟಿಯೂ ಹೋಗಬಹುದು. ದಯವಿಟ್ಟು ಆ ಸಾಹಸ ಬೇಡ.

ಆದರೆ ಬೇರೆಲ್ಲಾ ಮುಗಿದ ಮೇಲೆ ಉಳಿಯುವ ಔಷಧ ಇದು. ಡಾಕ್ಟರ್ ಗೆಳೆಯನೊಬ್ಬ "ಜಿಲ್ಲೆಗೆ ಎಷ್ಟು ಜನ ಇರ್ತಾರೆ ಮಾರಾಯಾ, ಅದಕ್ಕೊಂದು ವ್ಯವಸ್ಥೆಯಾ?" ಅಂದ. ಕಡಿಮೆ ಜನ ಅಂತಲೇ ನಾನು ಹೇಳೋದು. ತಿಂಗಳಿಗೆ ಕೆಲವು ಗಂಟೆ ಸಾಕಾಗುವ ಕೆಲಸಕ್ಕೆ ಹೊಸ ಆಸ್ಪತ್ರೆ ಕಟ್ಟಬೇಕಾಗಿಲ್ಲ. ಕಣ್ಣಿನ ಡಾಕ್ಟರು ಚೀಟಿ ಬರೆಯಲಿ, ಜಿಲ್ಲಾ ರಕ್ತನಿಧಿ ತಯಾರಿಸಲಿ, ಗುಣ ಆಯಿತೋ ಇಲ್ಲವೋ ದಾಖಲಿಸಲಿ. ಪುರಾವೆ ಸಾಲದು ಅನ್ನುವವರಿಗೆ ಪುರಾವೆಯೂ ಸಿಗುತ್ತದೆ.

2023ರಿಂದ ಶಕ್ತಿ ಯೋಜನೆಯಲ್ಲಿ ದೊಡ್ಡವ್ವ ಬೀದರಿಗೆ ಬಸ್ಸಿನಲ್ಲಿ ಪುಕ್ಕಟೆ ಹೋಗುತ್ತಾಳೆ. ಅಲ್ಲಿಂದ ಹೈದರಾಬಾದಿಗೆ ಟಿಕೆಟ್ಟು, ಜೊತೆಗೊಬ್ಬರು, ಒಂದು ದಿನದ ಕೂಲಿ ಖೋತಾ. ಬರುವಾಗ ಮಡಿಲಲ್ಲಿ ಐಸ್ ಡಬ್ಬಿ. ಹೋದ ಬೇಸಿಗೆಯಲ್ಲಿ ಕರೆಂಟು ಹೋಗಿ ಒಂದು ಡಬ್ಬಿ ಪೂರ್ತಿ ಹಾಳಾಯಿತಂತೆ. ಬೀದರಿನಲ್ಲೇ ಶೇಖರಿಸಿಟ್ಟು ವಾರಕ್ಕೆ ಬೇಕಾದಷ್ಟೇ ಕೊಟ್ಟಿದ್ದರೆ?

ಅವಳ ಕಣ್ಣು ಪೂರ್ತಿ ವಾಸಿಯಾಗಿಲ್ಲ. ಉರಿ ಕಡಿಮೆಯಾಗಿದೆ, ಬಿಸಿಲಿಗೆ ಬರುತ್ತಾಳೆ. ನಾನು ಹೊರಟಾಗ ಬಾಗಿಲ ತನಕ ಬಂದು, "ಮುಂದಿನ ಸಲ ಬರಾಗ ಉತ್ತರ ತಗೊಂಡ್ ಬಾ" ಅಂದಳು.

ನಿಮ್ಮಲ್ಲಿ ರಕ್ತನಿಧಿಯಲ್ಲಿ ಕೆಲಸ ಮಾಡುವವರಿದ್ದರೆ, ಕಣ್ಣಿನ ಡಾಕ್ಟರುಗಳಿದ್ದರೆ ದಯವಿಟ್ಟು ಹೇಳಿ. ದೊಡ್ಡವ್ವನಿಗೆ ಏನಂತ ಹೇಳಲಿ?