ಕುಡಿಯುವ ಗಂಜಿಯೋ, ಅಗಿಯುವ ಗಂಜಿಯೋ?



ಬೆಳಗಿನ ಹೊತ್ತು ನಮ್ಮ ಅಡಿಗೆಮನೆಯಲ್ಲಿ ಯಾರಿಗೆ ಪುರಸೊತ್ತು ಇರುತ್ತೆ ಹೇಳಿ? ಮಕ್ಕಳ ಡಬ್ಬಿ, ಯಜಮಾನರ ತಿಂಡಿ, ಮಾವನವರ ಕಾಫಿ, ನಡುವೆ ಹಾಲು ಉಕ್ಕದ ಹಾಗೆ ಅದರ ಮೇಲೊಂದು ಕಣ್ಣು. ಇಷ್ಟೆಲ್ಲದರ ಮಧ್ಯೆ ತನಗೆ ಅಂತ ಒಂದು ಲೋಟ ಗಂಜಿ ಕಾಸಿಕೊಂಡು, ಒಲೆಯ ಪಕ್ಕದಲ್ಲೇ ನಿಂತು ಕುಡಿದು ಮುಗಿಸುವವರು ನಮ್ಮಲ್ಲಿ ಬಹಳ ಮಂದಿ. ಆರೋಗ್ಯವಾಗಿರುವವರಿಗೆ ಇದರಿಂದ ಅಷ್ಟೇನೂ ತೊಂದರೆ ಕಾಣದೇ ಇರಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಆ ಒಂದು ಲೋಟ ಗಂಜಿ ಏನು ಮಾಡಬಲ್ಲದು ಎಂಬುದನ್ನು ನಾನು ನಮ್ಮ ಅತ್ತಿಗೆಯ ಮನೆಯಲ್ಲಿ ಕಣ್ಣಾರೆ ಕಂಡೆ. ಈ ಸಲ ಅದನ್ನೇ ನಿಮ್ಮ ಮುಂದೆ ಇಡೋಣ ಅಂತ ಕೂತಿದ್ದೇನೆ.

ಅತ್ತಿಗೆಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿ ಮೂರು ವರ್ಷವಾಯಿತು. ಗೊತ್ತಾದ ದಿನವೇ ಕಾಫಿಗೆ ಸಕ್ಕರೆ ನಿಂತಿತು, ರಾತ್ರಿ ಅನ್ನ ಹೋಗಿ ಚಪಾತಿ ಬಂತು. "ರಾಗಿ ಕುಡೀರಿ, ಶುಗರ್ ತಾನಾಗಿ ಇಳಿಯುತ್ತೆ" ಅಂತ ಪಕ್ಕದ ಮನೆಯವರು ಹೇಳಿದ್ದರು. ಅಂದಿನಿಂದ ಬೆಳಿಗ್ಗೆ ಆರೂವರೆಗೆ ಮೊಳಕೆ ಕಟ್ಟಿದ ರಾಗಿಯ ನುಣ್ಣನೆಯ ಹಿಟ್ಟಿನ ಗಂಜಿ, ಉದ್ದ ಲೋಟದ ತುಂಬ. ರುಚಿಗೆ ಒಂದು ಚೂರು ಬೆಲ್ಲ. ಎಂಟು ಗಂಟೆಗೆ ಮಾತ್ರೆ. ಆಮೇಲೆ ಎಲ್ಲರಿಗೂ ದೋಸೆ ಹುಯ್ದು ಕೊಟ್ಟು, ಪಾತ್ರೆ, ಬಟ್ಟೆ ಮುಗಿಸಿ, ತಾವು ತಿಂಡಿಗೆ ಕೂರುವಾಗ ಹನ್ನೊಂದೂವರೆ.

ನಾನು ಹೋಗಿದ್ದ ದಿನ, "ಅತ್ತಿಗೆ, ಇನ್ನೂ ತಿಂಡಿ ತಿಂದಿಲ್ವಾ?" ಅಂದೆ. "ಬೆಳಿಗ್ಗೇನೇ ರಾಗಿ ಗಂಜಿ ಕುಡಿದೆನಲ್ಲೇ, ಇನ್ನೇನು ಅವಸರ?" ಅಂದರು. ಅರ್ಧ ಗಂಟೆ ಕಳೆದಿರಲಿಲ್ಲ, ಕೈಯಲ್ಲಿದ್ದ ಹಿತ್ತಾಳೆ ಚೆಂಬು ಠಣ್ಣನೆ ಕೆಳಗೆ ಬಿತ್ತು. ನೋಡಿದರೆ ಕೈ ನಡುಗುತ್ತಿದೆ, ರವಿಕೆಯೆಲ್ಲ ಬೆವರಿನಲ್ಲಿ ತೊಯ್ದಿದೆ, ಮಾತು ತೊದಲುತ್ತಿದೆ. "ಏನಿಲ್ಲ ಕಣೇ, ಆಯಾಸ, ಸ್ವಲ್ಪ ಮಲಗಿದರೆ ಸರಿಹೋಗುತ್ತೆ" ಅಂತ ಕೋಣೆಗೆ ಹೊರಟರು. ಅವರ ಸೊಸೆ ಮಲಗಲು ಬಿಡಲಿಲ್ಲ. ಓಡಿಹೋಗಿ ಗ್ಲೂಕೋಸ್ ಪುಡಿ ಕಲಸಿ ತಂದು ಕುಡಿಸಿದಳು. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 54! ಅವತ್ತು ಆ ಹುಡುಗಿ ಇಲ್ಲದೇ ಹೋಗಿದ್ದರೆ ಏನಾಗುತ್ತಿತ್ತೋ ಅಂತ ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಮಾರನೆಯ ದಿನ ಡಾಕ್ಟರು ಹೇಳಿದಂತೆ ಗಂಜಿ ಕುಡಿದ ಮೇಲೂ ಪರೀಕ್ಷೆ ಮಾಡಿದೆವು. ಆಗ 248! ಅಂದರೆ ಬೆಳಿಗ್ಗೆ ಅಟ್ಟಕ್ಕೆ ಏರಿ, ಮಧ್ಯಾಹ್ನದ ಹೊತ್ತಿಗೆ ಪಾತಾಳಕ್ಕೆ ಇಳಿಯುತ್ತಿತ್ತು. "ರಾಗಿ ಕುಡಿದೂ ಹೀಗಾಯಿತಲ್ಲ!" ಅಂತ ಅತ್ತಿಗೆ ಕಣ್ಣಲ್ಲಿ ನೀರು ಹಾಕಿಕೊಂಡರು.

ತಪ್ಪು ರಾಗಿಯದಲ್ಲ, ಸೋದರಿಯರೇ. ರಾಗಿ ಒಳ್ಳೆಯ ಧಾನ್ಯವೇ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ, ನಾರು ಇದೆ. ಆದರೆ ಅದರಲ್ಲಿ ಪಿಷ್ಟವೂ ಸುಮಾರು 70 ಗ್ರಾಂ ಇದೆ. ಅಕ್ಕಿಯಲ್ಲಿ ಸುಮಾರು 78. ವ್ಯತ್ಯಾಸ ನಾವು ಅಂದುಕೊಂಡಷ್ಟು ದೊಡ್ಡದಲ್ಲ ನೋಡಿ. ಈ ಪಿಷ್ಟವೇ ಹೊಟ್ಟೆಯಲ್ಲಿ ಸಕ್ಕರೆಯಾಗುವುದು. ಎಷ್ಟು ಬೇಗ ಆಗುತ್ತದೆ ಎಂಬುದು ಧಾನ್ಯದ ಹೆಸರೊಂದರಿಂದಲೇ ನಿರ್ಧಾರವಾಗುವುದಿಲ್ಲ. ಅದನ್ನು ನಾವು ಹೇಗೆ ಬೀಸಿದೆವು, ಎಷ್ಟು ಬೇಯಿಸಿದೆವು, ಜೊತೆಗೆ ಏನು ತಿಂದೆವು ಅನ್ನುವುದೂ ಅಷ್ಟೇ ಮುಖ್ಯ.

ಕೆನಡಾ ದೇಶದ ಟೊರಾಂಟೋದಲ್ಲಿ ಡೇವಿಡ್ ಜೆಂಕಿನ್ಸ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 1981ರಲ್ಲಿ ಇದಕ್ಕೊಂದು ಅಳತೆ ಮಾಡಿಕೊಟ್ಟರು. ಬರೀ ಗ್ಲೂಕೋಸ್ ಕುಡಿದರೆ ರಕ್ತದ ಸಕ್ಕರೆ ಏರುವುದನ್ನು 100 ಅಂತ ಇಟ್ಟುಕೊಂಡರೆ, ಬೇರೆ ಆಹಾರಗಳು ಎಷ್ಟು ಏರಿಸುತ್ತವೆ ಎಂಬ ಲೆಕ್ಕ ಅದು. ಇದಕ್ಕೆ ಗ್ಲೈಸೆಮಿಕ್ ಸೂಚ್ಯಂಕ ಎಂದು ಹೆಸರು. ಈಗ ಎಲ್ಲ ಅಂಗಡಿಯಲ್ಲೂ ಸಿಗುವ ಓಟ್ಸನ್ನೇ ತೆಗೆದುಕೊಳ್ಳಿ. ಅವಲಕ್ಕಿಯ ಹಾಗೆ ದಪ್ಪಗೆ ಒತ್ತಿದ ಓಟ್ಸ್ ಗಂಜಿಗೆ ಈ ಸಂಖ್ಯೆ ಸುಮಾರು 55. ಬಿಸಿನೀರು ಹುಯ್ದರೆ ಎರಡೇ ನಿಮಿಷದಲ್ಲಿ ಆಗುವ ದಿಢೀರ್ ಓಟ್ಸಿಗೆ ಸುಮಾರು 80. ಧಾನ್ಯ ಒಂದೇ, ಆದರೂ ಎಷ್ಟು ಅಂತರ! ನುಣ್ಣಗಾದಷ್ಟೂ, ಮೆತ್ತಗೆ ಬೆಂದಷ್ಟೂ ಹೊಟ್ಟೆಗೆ ಕೆಲಸ ಕಡಿಮೆ, ಸಕ್ಕರೆ ಸರ್ರನೆ ರಕ್ತಕ್ಕೆ ಸೇರುತ್ತದೆ.

ಹಾಗೆಯೇ ಮೊಳಕೆ ಕಟ್ಟಿದ ರಾಗಿಯ ವಿಷಯ. ಮೊಳಕೆ ಬರುವಾಗ ಕಾಳಿನೊಳಗಿನ ಪಿಷ್ಟ ಒಡೆದು ಸ್ವಲ್ಪ ಭಾಗ ಆಗಲೇ ಸಕ್ಕರೆಯಾಗಿರುತ್ತದೆ. ಅದಕ್ಕೇ ಆ ಹಿಟ್ಟಿಗೆ ತಾನಾಗಿಯೇ ಒಂದು ಸಿಹಿ, ಗಂಜಿಯೂ ತೆಳುವು. ಹಲ್ಲಿಲ್ಲದ ಕೂಸಿಗೆ ಸುಲಭವಾಗಿ ಜೀರ್ಣವಾಗಲಿ ಅಂತ ನಮ್ಮ ಅಜ್ಜಿಯರು ಕಂಡುಕೊಂಡ ಉಪಾಯ ಅದು. ಕೂಸಿಗೆ ಯಾವುದು ಗುಣವೋ, ಸಕ್ಕರೆ ಕಾಯಿಲೆಯವರಿಗೆ ಅದೇ ತೊಡಕು.

ಇನ್ನು ಬೆಲ್ಲ. "ಸಕ್ಕರೆ ಹಾಕಲ್ಲ, ಬೆಲ್ಲ ಮಾತ್ರ" ಅನ್ನುವವರು ಎಷ್ಟು ಜನ! ಎರಡೂ ಕಬ್ಬಿನ ಮಕ್ಕಳೇ ಅಲ್ಲವೇ? ರಕ್ತದ ಸಕ್ಕರೆ ಏರಿಸುವುದರಲ್ಲಿ ಅಕ್ಕ ತಂಗಿಯರಿಬ್ಬರೂ ಒಂದೇ. ಜೇನುತುಪ್ಪವೂ ಅದೇ ಮನೆತನ.

ಹಾಗಾದರೆ ಯಾವ ಗಂಜಿ ಮಾಡೋಣ ಅಂತೀರಾ?

ಕಾಳಿನ ಆಕಾರ ಇನ್ನೂ ಕಾಣುವಂತಹ, ಅಗಿದು ತಿನ್ನಬೇಕಾದ ಗಂಜಿಯನ್ನು ಆರಿಸಿಕೊಳ್ಳಿ. ಗೋಧಿ ನುಚ್ಚು, ಉತ್ತರ ಕರ್ನಾಟಕದ ಕಡೆ ಮಜ್ಜಿಗೆ ಹಾಕಿಕೊಂಡು ಉಣ್ಣುವ ಜೋಳದ ನುಚ್ಚು, ನವಣೆ, ಸಾಮೆ, ಊದಲು ಇವೆಲ್ಲ ಆಗುತ್ತವೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಸಣ್ಣ ಊರಿನ ಅಂಗಡಿಗಳಲ್ಲೂ ಇವು ಸಿಗುತ್ತಿವೆ. ಸಿಗದಿದ್ದರೆ ಚಿಂತೆ ಬೇಡ, ಗೋಧಿ ನುಚ್ಚು ಎಲ್ಲೆಡೆ ಇದೆ. ಕರಾವಳಿಯ ಸೋದರಿಯರು ಕುಚ್ಚಲಕ್ಕಿ ಗಂಜಿ ಬಿಡಬೇಕಾಗಿಲ್ಲ. ತುಂಬ ಕರಗಿಸದೆ, ಅಗುಳು ಅಗುಳಾಗಿ ಬೇಯಿಸಿ, ಬಟ್ಟಲು ಚಿಕ್ಕದು ಮಾಡಿ, ಉಪ್ಪಿನಕಾಯಿಯ ಬದಲು ಹೆಸರುಕಾಳಿನ ಪಲ್ಯ ಇಟ್ಟುಕೊಳ್ಳಿ. ಸಬ್ಬಕ್ಕಿ ಗಂಜಿಯನ್ನೂ ಸಣ್ಣ ರವೆಯ ಗಂಜಿಯನ್ನೂ ದಿನಬಳಕೆಗೆ ಇಟ್ಟುಕೊಳ್ಳಬೇಡಿ. ಸಬ್ಬಕ್ಕಿ ಅಂದರೆ ಮರಗೆಣಸಿನ ಪಿಷ್ಟವೇ ಹೊರತು ಅದರಲ್ಲಿ ಬೇರೇನೂ ಇಲ್ಲವೆನ್ನಬಹುದು.

ಅತ್ತಿಗೆಗೆ ನಾವು ಹಾಕಿಕೊಟ್ಟ ಎರಡು ಬಗೆ ಇಲ್ಲಿವೆ.

ಗೋಧಿ ನುಚ್ಚಿನ ಖಾರ ಗಂಜಿ (ಇಬ್ಬರಿಗೆ)

ಬೇಕಾಗುವ ಪದಾರ್ಥ: ಗೋಧಿ ನುಚ್ಚು 6 ದೊಡ್ಡ ಚಮಚ (ಸುಮಾರು 60 ಗ್ರಾಂ), ಹೆಸರುಬೇಳೆ 4 ದೊಡ್ಡ ಚಮಚ, ಹೆಚ್ಚಿದ ಹುರುಳಿಕಾಯಿ, ಸೋರೆಕಾಯಿ ಸೇರಿ 2 ಬಟ್ಟಲು, ಮೆಂತ್ಯದ ಸೊಪ್ಪು ಅಥವಾ ನುಗ್ಗೆ ಸೊಪ್ಪು ಒಂದು ಹಿಡಿ, ಎಣ್ಣೆ 2 ಟೀ ಚಮಚ, ಜೀರಿಗೆ, ಕುಟ್ಟಿದ ಮೆಣಸು, ಶುಂಠಿ, ಕರಿಬೇವು, ಉಪ್ಪು, ಅರ್ಧ ಹೋಳು ನಿಂಬೆಹಣ್ಣು.

ಮಾಡುವ ವಿಧಾನ: ನುಚ್ಚನ್ನು ಘಮ್ಮೆನ್ನುವವರೆಗೆ ಹುರಿದಿಡಿ. ನಾಲ್ಕು ಲೋಟ ನೀರು ಕುದಿಯಲು ಇಟ್ಟು, ತೊಳೆದ ಹೆಸರುಬೇಳೆ ಹಾಕಿ ಅರ್ಧ ಬೇಯಿಸಿ. ತರಕಾರಿ, ನುಚ್ಚು, ಉಪ್ಪು ಹಾಕಿ ನಡುವೆ ಕೈಯಾಡಿಸುತ್ತಾ ಹನ್ನೆರಡರಿಂದ ಹದಿನೈದು ನಿಮಿಷ ಬೇಯಿಸಿ. ಕುಕ್ಕರಿನಲ್ಲಿ ಕೂಗಿಸಬೇಡಿ, ನುಚ್ಚು ಕರಗಿ ಹೋಗುತ್ತದೆ. ಕಡೆಗೆ ಸೊಪ್ಪು ಹಾಕಿ ಎರಡು ಕುದಿ ಬರಿಸಿ. ಜೀರಿಗೆ, ಮೆಣಸು, ಶುಂಠಿ, ಕರಿಬೇವಿನ ಒಗ್ಗರಣೆ ಕೊಟ್ಟು ಇಳಿಸಿ ನಿಂಬೆರಸ ಹಿಂಡಿ. ಬಟ್ಟಲು ತುಂಬಾ ಕಾಣುತ್ತದೆ, ಆದರೆ ಒಬ್ಬರ ಪಾಲಿಗೆ ಬರುವ ನುಚ್ಚು ಮೂರೇ ಚಮಚ. ಇದರ ಗುಟ್ಟೇ ಅದು.

ರಾಗಿ ಅಂಬಲಿ (ಒಬ್ಬರಿಗೆ)

ರಾಗಿ ಬಿಡಲು ಮನಸ್ಸು ಬರದವರಿಗೆ ಇದು. ಮೊಳಕೆ ಕಟ್ಟದ ರಾಗಿಯನ್ನು ಗಿರಣಿಯಲ್ಲಿ ಸ್ವಲ್ಪ ತರಿಯಾಗಿ ಬೀಸಿಸಿ, ಜರಡಿ ಹಿಡಿಯಬೇಡಿ. ಮೂರು ದೊಡ್ಡ ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಕುದಿಯುವ ಒಂದು ಲೋಟ ನೀರಿಗೆ ಹುಯ್ದು, ಹಸಿ ವಾಸನೆ ಹೋಗುವವರೆಗೆ ತಿರುವಿ. ಆರಿದ ಮೇಲೆ ಕಡೆದ ಮಜ್ಜಿಗೆ, ಉಪ್ಪು, ಚಿಟಿಕೆ ಇಂಗು, ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು ಸೇರಿಸಿ. ಬೆಲ್ಲ ಬೇಡ. ಇದು ಎಷ್ಟಾದರೂ ಕುಡಿಯುವಂಥದ್ದೇ ಆದ್ದರಿಂದ ಇದೊಂದರಲ್ಲೇ ತಿಂಡಿ ಮುಗಿಸಬೇಡಿ. ಮೊದಲು ಒಂದು ಬಟ್ಟಲು ಮೊಳಕೆ ಹೆಸರುಕಾಳಿನ ಉಸಲಿ, ಇಲ್ಲವೇ ಸೊಪ್ಪಿನ ಪಲ್ಯ ತಿಂದು ಆಮೇಲೆ ಅಂಬಲಿ ಕುಡಿಯಿರಿ. ಕಾಳು, ತರಕಾರಿ ಮೊದಲು ಹೊಟ್ಟೆ ಸೇರಿದರೆ ಹಿಂದೆ ಬರುವ ಪಿಷ್ಟ ನಿಧಾನವಾಗಿ ಕರಗುತ್ತದೆ. ಮೊಟ್ಟೆ ತಿನ್ನುವವರು ಬೇಯಿಸಿದ ಒಂದು ಮೊಟ್ಟೆ ಇಟ್ಟುಕೊಳ್ಳಬಹುದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಬೇಳೆ ಕಾಳು ಎಷ್ಟು ತಿನ್ನಬಹುದೆಂದು ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಯಾವ ಗಂಜಿ ನಿಮಗೆ ಒಗ್ಗುತ್ತದೆ ಎಂಬುದಕ್ಕೆ ನನ್ನ ಮಾತೂ ಬೇಡ, ಪಕ್ಕದ ಮನೆಯವರ ಮಾತೂ ಬೇಡ, ನಿಮ್ಮ ರಕ್ತವೇ ಹೇಳುತ್ತದೆ. ತಿನ್ನುವ ಮೊದಲು ಒಮ್ಮೆ, ತಿನ್ನಲು ಶುರುಮಾಡಿ ಎರಡು ಗಂಟೆಗೆ ಒಮ್ಮೆ ಪರೀಕ್ಷೆ ಮಾಡಿ ಕ್ಯಾಲೆಂಡರಿನಲ್ಲೇ ಬರೆದಿಡಿ. ಎರಡು ಗಂಟೆಯ ಲೆಕ್ಕ ಸಾಮಾನ್ಯವಾಗಿ 180ರ ಒಳಗಿರಬೇಕು. ವಯಸ್ಸಾದವರಿಗೆ ಡಾಕ್ಟರು ಬೇರೆ ಗುರಿ ಹೇಳಿದ್ದರೆ ಅದೇ ಸರಿ. ಮನೆಯಲ್ಲಿ ಯಂತ್ರವಿಲ್ಲದವರು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. 30 ವರ್ಷ ದಾಟಿದವರಿಗೆ ಅಲ್ಲಿ ಸಕ್ಕರೆ ಪರೀಕ್ಷೆಯ ಕಾರ್ಯಕ್ರಮವೇ ಇದೆ.

ಕಡೆಯದಾಗಿ, ಅತ್ತಿಗೆಯ ಚೆಂಬು ಬಿದ್ದ ವಿಷಯ. ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಜಾತಿಯ ಮಾತ್ರೆ ನುಂಗುವವರು ಮತ್ತು ಇನ್ಸುಲಿನ್ ತೆಗೆದುಕೊಳ್ಳುವವರು ತಿಂಡಿ ತಡಮಾಡಲೇಬಾರದು. ನೀವು ತಿಂದಿರಿ, ಬಿಟ್ಟಿರಿ, ಮಾತ್ರೆ ತನ್ನ ಕೆಲಸ ಮಾಡಿಯೇ ಮಾಡುತ್ತದೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಹೀಗಾಗುವುದು ಅಪರೂಪ. ನಿಮ್ಮದು ಯಾವುದು ಎಂದು ಮಾತ್ರೆಯ ಹಾಳೆ ತೋರಿಸಿ ಕೇಳಿಕೊಳ್ಳಿ. ಬೆವರು, ನಡುಕ, ಎದೆ ಡವಡವ, ಕಣ್ಣು ಮಂಜು ಆದರೆ "ಆಯಾಸ" ಅಂತ ಮಲಗಬೇಡಿ. ಸಕ್ಕರೆ 70ಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ಪರೀಕ್ಷೆ ಮಾಡಲು ಅನುಕೂಲವಿಲ್ಲದಿದ್ದರೆ, ಕೂಡಲೇ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿನಲ್ಲಿ ಕದಡಿ ಕುಡಿಯಿರಿ. ಹದಿನೈದು ನಿಮಿಷಕ್ಕೂ ಸರಿಹೋಗದಿದ್ದರೆ ಇನ್ನೊಮ್ಮೆ ಕುಡಿಯಿರಿ, ಆಮೇಲೆ ಊಟ ಮಾಡಿ. ವೋಗ್ಲಿಬೋಸ್ ಸೇರಿದ ಮಾತ್ರೆಯಾದರೆ ಮಾಮೂಲಿ ಸಕ್ಕರೆ ಬೇಗ ಕೆಲಸ ಮಾಡದು, ಗ್ಲೂಕೋಸೇ ಬೇಕು. ಒಂದು ಪೊಟ್ಟಣ ಮನೆಯಲ್ಲಿ ಎಲ್ಲರಿಗೂ ಕಾಣುವ ಕಡೆ ಇಟ್ಟಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹುಯ್ಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಗಂಜಿ ಬದಲಾಯಿಸಿದ ಮೇಲೆ ಸಕ್ಕರೆ ಇಳಿಯತೊಡಗಿದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ತಿಳಿಸಿ.

ಈಗ ಅತ್ತಿಗೆಯ ಮನೆಯಲ್ಲಿ ಎಂಟು ಗಂಟೆಗೆ ಮೊದಲ ಬಟ್ಟಲು ಅತ್ತಿಗೆಯದು. ಮೊದಮೊದಲು ಅವರಿಗೇ ಸಂಕೋಚ. "ಗಂಡಸರು ಮಕ್ಕಳು ತಿನ್ನೋ ಮುಂಚೆ ನಾನು ಕೂರೋದಾ?" ಅನ್ನುತ್ತಿದ್ದರು. ನಮ್ಮಣ್ಣನೇ ಮಣೆ ಹಾಕಿ, "ನೀನು ಕೂತು ತಿನ್ನು, ದೋಸೆ ನಾನು ಹುಯ್ಕೋತೀನಿ" ಅಂದ. ದೋಸೆ ಮೊದಲೆರಡು ದಿನ ಕಾವಲಿಗೇ ಅಂಟಿತು ಅನ್ನಿ! ಅತ್ತಿಗೆಯ ಸಕ್ಕರೆ ಈಗಲೂ ಕೆಲವು ದಿನ ಹೆಚ್ಚು ಕಡಿಮೆ ಆಗುತ್ತದೆ. ಆದರೆ ಆ 54 ಮತ್ತೆ ಕಾಣಲಿಲ್ಲ, ತಿಂಡಿ ತಿಂದ ಎರಡು ಗಂಟೆಗೆ ಹೆಚ್ಚಾಗಿ 160, 170ರಲ್ಲಿ ನಿಲ್ಲುತ್ತಿದೆ.

ನಾಳೆ ಬೆಳಿಗ್ಗೆ ನೀವೂ ಒಂದು ಬಟ್ಟಲು ಹಾಕಿಕೊಂಡು ಹತ್ತು ನಿಮಿಷ ಕೂರಿ. ನಿಂತು ಕುಡಿಯುವುದು ಬೇಡ, ಕೂತು ಅಗಿದು ತಿನ್ನಿ. ದೋಸೆ ಹತ್ತು ನಿಮಿಷ ಕಾಯುತ್ತದೆ. ನುಂಗಿದ ಮಾತ್ರೆ ಕಾಯುವುದಿಲ್ಲ.