ಪ್ರೌಢಶಾಲೆಯಲ್ಲಿ ಧರ್ಮಗಳ ಅರಿವು, ನೀತಿ ಶಿಕ್ಷಣ: ಶಿಕ್ಷಕರು ಮತ್ತು ಪೋಷಕರ ಹಕ್ಕೊತ್ತಾಯ ಪತ್ರ

ಗೆ,
ಮಾನ್ಯ ಸಚಿವರು,
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ,
ಕರ್ನಾಟಕ ಸರ್ಕಾರ

ಮಾನ್ಯರೇ,

ಮಕ್ಕಳಿಗೆ ನೀತಿ ಪಾಠ ಬೇಕೆಂಬ ಮಾತು ಎಲ್ಲ ಸರ್ಕಾರಗಳ ಕಾಲದಲ್ಲೂ ಏಳುತ್ತದೆ. ಯಾವ ಗ್ರಂಥ ಓದಿಸಬೇಕೆಂಬ ಜಗಳಕ್ಕೆ ತಿರುಗಿ ಅಲ್ಲೇ ತಣ್ಣಗಾಗುತ್ತದೆ. ಇತ್ತ ಮೌಲ್ಯ ಶಿಕ್ಷಣದ ಅವಧಿಯಲ್ಲಿ ಎಸ್ಸೆಸ್ಸೆಲ್ಸಿ ಗಣಿತದ ಲೆಕ್ಕ ನಡೆಯುತ್ತಿರುತ್ತದೆ. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ ಎಂದು ಕೊಠಾರಿ ಆಯೋಗ (1964–66) ಅಂದೇ ಹೇಳಿತ್ತು. ಆ ವ್ಯತ್ಯಾಸವನ್ನು ಶಾಲೆಯ ದಿನಚರಿಗೆ ಇಳಿಸಬೇಕೆಂಬುದೇ ನಮ್ಮ ಒತ್ತಾಯ.

1. ಗೆರೆ ಎಲ್ಲಿದೆ ಎಂದು ಬರೆದು ಕೊಡಿ. ಪೂರ್ಣವಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮ ಬೋಧನೆ ಕೂಡದೆಂದು ಸಂವಿಧಾನದ 28(1)ನೇ ವಿಧಿ ಹೇಳುತ್ತದೆ. ಧರ್ಮಗಳ ಅಧ್ಯಯನಕ್ಕೆ ಇದು ಅಡ್ಡಿಯಲ್ಲವೆಂದು ಅರುಣಾ ರಾಯ್ ಪ್ರಕರಣದಲ್ಲಿ (2002) ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ರಂಜಾನ್ ಉಪವಾಸ ಯಾಕೆಂದು ವಿವರಿಸಿದರೆ ಪಾಠ, ಉಪವಾಸವಿರಿ ಎಂದರೆ ಬೋಧನೆ. ಗೀತೆಯ ಕರ್ಮಯೋಗ ಏನೆಂದು ಚರ್ಚಿಸಿದರೆ ಪಾಠ, ನಿತ್ಯ ಪಾರಾಯಣ ಮಾಡಿಸಿದರೆ ಬೋಧನೆ. ಇಂಥ ಉದಾಹರಣೆಗಳುಳ್ಳ ಸುತ್ತೋಲೆ ಹೊರಡಿಸಿ. ಅದರಂತೆ ಪಾಠ ಮಾಡಿದ ಶಿಕ್ಷಕರ ಮೇಲೆ ಯಾರೋ ದೂರಿದರೆಂದು ನೋಟಿಸ್ ಬರಬಾರದು.

2. ಒಪ್ಪಿಗೆಯಿಲ್ಲದೆ ಪ್ರಾರ್ಥನೆಗೆ, ಧರ್ಮ ಬೋಧನೆಗೆ ಕೂರಿಸಬೇಡಿ. ಅನುದಾನಿತ ಹಾಗೂ ಮಾನ್ಯತೆ ಪಡೆದ ಶಾಲೆಗಳಿಗೆ, ಈ ಒಪ್ಪಿಗೆ ಬೇಕೆನ್ನುವ 28(3)ನೇ ವಿಧಿ ಅನ್ವಯಿಸುತ್ತದೆ. ಪ್ರವೇಶ ಅರ್ಜಿಯ ಮೂಲೆಯಲ್ಲಿ ಹಾಕಿಸಿಕೊಂಡ ಸಹಿಯನ್ನು ಪೋಷಕರ ಒಪ್ಪಿಗೆಯೆಂದು ಪರಿಗಣಿಸಬಾರದು. ಒಲ್ಲದ ಮಗುವನ್ನು ಜಗಲಿಯಲ್ಲಿ ಒಂಟಿಯಾಗಿ ನಿಲ್ಲಿಸದೆ ಗ್ರಂಥಾಲಯಕ್ಕೆ ಕಳುಹಿಸಿ.

3. ಪಾಠ ಒಂದಂಕದ ಪ್ರಶ್ನೆಯಾಚೆ ಬೆಳೆಯಲಿ. ಜೈನ, ಬೌದ್ಧ, ಕ್ರೈಸ್ತ, ಇಸ್ಲಾಂ ಧರ್ಮಗಳ ಪಾಠ ಸಮಾಜ ವಿಜ್ಞಾನದಲ್ಲಿ ಈಗಲೂ ಇದೆ. ಮಕ್ಕಳಿಗೆ ಉಳಿಯುವುದು ಸ್ಥಾಪಕರ ಹೆಸರು, ಹುಟ್ಟಿದ ಊರು ಮಾತ್ರ. ಶರಣರು, ದಾಸರು, ಸೂಫಿಗಳು, ಗೋವಿಂದ ಭಟ್ಟರ ಶಿಷ್ಯ ಶಿಶುನಾಳ ಶರೀಫರು, ಬುಡಕಟ್ಟುಗಳ ಆರಾಧನೆ, ದೇವರನ್ನು ನಂಬದವರ ವಿಚಾರ ಎಲ್ಲವೂ ಇರಲಿ. ಶೈಕ್ಷಣಿಕ ಪ್ರವಾಸದ ಪಟ್ಟಿಗೆ ಶ್ರವಣಬೆಳಗೊಳ, ಕಲಬುರಗಿಯ ಬಂದೇನವಾಜ್ ದರ್ಗಾ, ಬೀದರಿನ ನಾನಕ್ ಝಿರಾ, ಬೈಲಕುಪ್ಪೆಯ ಬೌದ್ಧ ವಿಹಾರ ಸೇರಲಿ.

4. ನೀತಿ ಪಾಠ ಶಾಲೆಯ ಅಂಗಳದಿಂದ ಶುರುವಾಗಲಿ. ಬಿಸಿಯೂಟದಲ್ಲಿ ಮೊಟ್ಟೆ ತಿನ್ನುವ ಮಗುವೂ ಬಾಳೆಹಣ್ಣು ಪಡೆಯುವ ಮಗುವೂ ಒಂದೇ ಸಾಲಿನಲ್ಲಿ ಕೂರಲಿ. ಕಸ ಗುಡಿಸುವ ಸರದಿ ಹಾಜರಿ ಪುಸ್ತಕದ ಕ್ರಮದಲ್ಲಿ ಎಲ್ಲರಿಗೂ, ಹುಡುಗರಿಗೂ, ಬರಲಿ. ಶೌಚಾಲಯವನ್ನು ಯಾವ ಮಗುವಿನಿಂದಲೂ ತೊಳೆಸಬಾರದು. ಇವನ್ನು ಪಾಲಿಸದ ಶಾಲೆಯಲ್ಲಿ ಸಮಾನತೆಯ ಪಾಠವನ್ನು ಮಕ್ಕಳು ನಂಬುವುದಿಲ್ಲ.

5. ಅಂಕ ಬೇಡ. ಅಂಕವಿಟ್ಟರೆ ನೀತಿಗೂ ಗೈಡ್ ಬರುತ್ತದೆ. ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದು ನಕಲಿಗೆ ಕಡಿವಾಣ ಬಿದ್ದಿರಬಹುದು; ಕ್ಯಾಮೆರಾ ಇಲ್ಲದ ಕಡೆ ಹೇಗಿರಬೇಕೆಂಬ ಚರ್ಚೆಗೆ ತರಗತಿಯೇ ಜಾಗ. ಪ್ರಶ್ನೆ, ವಾದ, ಭಿನ್ನಾಭಿಪ್ರಾಯಗಳನ್ನು ಮಕ್ಕಳು ಚರ್ಚಾ ಪುಸ್ತಕದಲ್ಲಿ ಬರೆಯಲಿ.

6. ವಾರಕ್ಕೊಂದು ಅವಧಿ, ತರಬೇತಾದ ಶಿಕ್ಷಕರು. ಹತ್ತನೇ ತರಗತಿಯ ವಿಶೇಷ ತರಗತಿಗಳು ಈ ಅವಧಿಯನ್ನು ನುಂಗಬಾರದು. ಬಿ.ಇಡಿ. ಹಂತದಲ್ಲೂ ಡಯಟ್‌ಗಳಲ್ಲೂ ತರಬೇತಿ ಕೊಡಿ. ಮಠ, ಮಸೀದಿ, ಚರ್ಚ್ ಯಾವುದೇ ಇರಲಿ, ಸಂಘಟನೆ ಯಾರದೇ ಇರಲಿ, ಈ ಪಾಠವನ್ನು ಹೊರಗಿನವರಿಗೆ ವಹಿಸಬೇಡಿ.

7. ಅಚ್ಚಿಗೆ ಮೊದಲು ಕರಡು ತೋರಿಸಿ. 2022ರ ಪಠ್ಯಪುಸ್ತಕ ಪರಿಷ್ಕರಣೆಯಲ್ಲಿ ಬಸವಣ್ಣನವರ ಪಾಠದ ಮೇಲೆ ಆಕ್ಷೇಪಗಳು ಎದ್ದದ್ದು ಪುಸ್ತಕ ಅಚ್ಚಾದ ಮೇಲೆ. ಸಮಿತಿ ಸದಸ್ಯರ ಹೆಸರು, ಕರಡು, ಬಂದ ಆಕ್ಷೇಪಗಳಿಗೆ ಕೊಟ್ಟ ಉತ್ತರ ಮೂರನ್ನೂ ಇಲಾಖೆಯ ಜಾಲತಾಣದಲ್ಲಿ ಪ್ರಕಟಿಸಿ.

ಒಂದು, ಎರಡು ಮತ್ತು ನಾಲ್ಕನೆಯ ಬೇಡಿಕೆಗೆ ಹೊಸ ಪುಸ್ತಕವೂ ಬೇಡ, ಹೆಚ್ಚಿನ ಅನುದಾನವೂ ಬೇಡ, ಸುತ್ತೋಲೆ ಸಾಕು. ಅವನ್ನು ಈ ಶೈಕ್ಷಣಿಕ ವರ್ಷದಲ್ಲೇ ಜಾರಿಗೆ ತನ್ನಿ. ಉಳಿದವಕ್ಕೆ ಕಾಲಮಿತಿ ನಿಗದಿಪಡಿಸಿ ಲಿಖಿತ ಉತ್ತರ ಕೊಡಬೇಕೆಂದು ಒತ್ತಾಯಿಸುತ್ತೇವೆ.

ಇಂತಿ,
ಪ್ರೌಢಶಾಲಾ ಶಿಕ್ಷಕರು ಮತ್ತು ಪೋಷಕರು